ಗಣಿ ಮೇಸ್ತ್ರಿಯ ಪ್ರಶ್ನೆಯನ್ನು ಅಳಿಸುವ ಮುನ್ನ

'ಓರ್ವಾನಾ' ಎಂಬ ಹಳೆಯ ವಿಡಿಯೋ ಗೇಮನ್ನು ಹೊಸದಾಗಿ ಹೊರತಂದಿರುವ ಕಂಪನಿಯ ದೋಷ ನಿವಾರಣಾ ವಿಭಾಗದ ಘನತೆವೆತ್ತ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನ ಕ್ವಾರ್ಟರ್ಸಿನಿಂದ ರೂಪಶ್ರೀ ಎಂಬವಳು ಮಾಡುವ ನಮಸ್ಕಾರಗಳನ್ನು ಸ್ವೀಕರಿಸಬೇಕಾಗಿ ವಿನಂತಿ. ಇಲ್ಲಿ ನಾವು ಕ್ಷೇಮ. ಕೊಯ್ಲು ಮುಗಿದಿದೆ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿಲ್ಲ, ಸಾಹುಕಾರರು ದಿನಕ್ಕೆ ಹತ್ತು ಸಲ ಆಕಾಶ ನೋಡಿ ಅದರ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. ನಮ್ಮ ಕಡೆ ದೋಷ ನಿವಾರಣೆ ಆಗಬೇಕಾದರೆ ಜನ ಕಳಸದ ದೇವಸ್ಥಾನಕ್ಕೆ ಹೋಗಿ ಕೈಮುಗಿದು ನಿಲ್ಲುತ್ತಾರೆ. ಅದಕ್ಕಾಗಿಯೇ ಒಂದು ಇಡೀ ವಿಭಾಗ, ಅದಕ್ಕೊಬ್ಬ ಮುಖ್ಯಸ್ಥರು, ಆ ಮುಖ್ಯಸ್ಥರಿಗೊಂದು ತಣ್ಣನೆಯ ಕೋಣೆ ಇರುವ ಕಂಪನಿಯೂ ಲೋಕದಲ್ಲಿದೆ ಎಂಬುದು ತಮ್ಮ ಉತ್ತರ ಬಂದ ಮೇಲೆಯೇ ನನಗೆ ತಿಳಿದದ್ದು.

ಆ ಉತ್ತರಕ್ಕಾಗಿ ನಾನು ಎಷ್ಟು ಕೃತಜ್ಞಳೆಂದು ಹೇಳಲಾರೆ. 'ಐದನೇ ಅಧ್ಯಾಯದಲ್ಲಿ ತಮ್ಮ ತಂದೆಯವರಿಗೆ ಕಾಣಿಸಿಕೊಂಡ ಸಾಲು ಹಳೆಯ ಆಟದಿಂದ ಅಕಸ್ಮಾತ್ ಉಳಿದುಹೋದ ದೋಷ, ಮುಂದಿನ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಗುವುದು, ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ' ಎಂದು ತಾವು ಬರೆದಿದ್ದೀರಿ. ನಾನು ದೂರು ಕೊಟ್ಟಿರಲಿಲ್ಲ. ಆಟ ಆಡಿದವರು ಅಭಿಪ್ರಾಯ ಬರೆಯುವ ಜಾಗದಲ್ಲಿ ಸಂತೋಷದಿಂದ ನಾಲ್ಕು ಮಾತು ಬರೆದಿದ್ದೆ, ಅಷ್ಟೇ. ಸಂತೋಷವನ್ನು ದೂರು ಎಂದು ಓದಿ, ತಕ್ಷಣ ಕ್ರಮ ಕೈಗೊಂಡು, ಮೇಲೆ ವಿಷಾದವನ್ನೂ ವ್ಯಕ್ತಪಡಿಸುವ ಇಂಥ ಚುರುಕುತನ ನಮ್ಮ ತಾಲ್ಲೂಕು ಕಚೇರಿಗೆ ಇನ್ನೂ ಬಂದಿಲ್ಲ. ಆದ್ದರಿಂದ ಈಗ ನಿಜವಾದ ದೂರನ್ನೇ ಬರೆಯುತ್ತಿದ್ದೇನೆ. ಇದನ್ನೂ ತಾವು ಅಷ್ಟೇ ಶ್ರದ್ಧೆಯಿಂದ ತಪ್ಪಾಗಿ ಓದುವಿರೆಂದು ನಂಬಿದ್ದೇನೆ.

ನಾನು ವೃತ್ತಿಯಿಂದ ರೈಟರ್. ಕಥೆ ಬರೆಯುವವಳೆಂದು ತಿಳಿಯಬಾರದು. ನಮ್ಮ ಕಡೆ ಎಸ್ಟೇಟಿನ ರೈಟರ್ ಎಂದರೆ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾರ ಚೀಲ ಎಷ್ಟು ತೂಗಿತು ಎಂದು ಬರೆದಿಡುವವರು. ನನ್ನ ತಂದೆ ಮಂಜಯ್ಯನವರು ಕುದುರೆಮುಖದ ಕಬ್ಬಿಣದ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಗಣಿ ನಿಂತ ಮೇಲೆ ನಾವು ಮೂಡಿಗೆರೆಗೆ ಬಂದೆವು, ಅವರು ಇದೇ ಎಸ್ಟೇಟಿನ ಜೀಪು ಓಡಿಸಿದರು, ಈಗ ಭುಜ ಹಿಡಿದುಕೊಂಡು ಮನೆಯಲ್ಲಿದ್ದಾರೆ. ಮಾತು ಕಮ್ಮಿ. ತಾಯಿ ಪಾಪಮ್ಮನವರು ಆ ಕೊರತೆಯನ್ನು ತುಂಬಿಕೊಡುತ್ತಾರೆ.

ತಮ್ಮ ಆಟದ ಪರಿಚಯ ನಮಗೆ ಕುದುರೆಮುಖದಲ್ಲೇ ಆದದ್ದು. ಅಲ್ಲಿನ ಮಾರ್ಕೆಟ್ಟಿನಲ್ಲಿ ತಯ್ಯಬ್ ಎಂಬವರ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇತ್ತು. ಹೊರದೇಶಕ್ಕೆ ಹೋಗಿಬಂದಿದ್ದ ಯಾರೋ ಆಫೀಸರು ಒಂದು ಗೇಮ್ ಪೆಟ್ಟಿಗೆಯನ್ನು ರಿಪೇರಿಗೆ ಕೊಟ್ಟು, ವರ್ಗವಾದಾಗ ಅದನ್ನು ಮರೆತು ಹೊರಟುಹೋಗಿದ್ದರು. ತಯ್ಯಬ್ ಅಂಕಲ್ ಅದನ್ನು ಸರಿಮಾಡಿ ಅವರ ಮನೆಗೆ ಒಯ್ದರು, ನಾನು ಆಡಲು ಅಲ್ಲಿಗೇ ಹೋಗುತ್ತಿದ್ದೆ. ಒಳಗಿದ್ದದ್ದು ಒಂದೇ ಆಟ, ಅದೂ ಪೂರ್ತಿ ಜಪಾನಿ ಅಕ್ಷರದಲ್ಲಿ. ಕತ್ತಿ ಹಿಡಿದ ಒಬ್ಬ ಪುಟ್ಟ ನಾಯಕ ಬೆಟ್ಟ ಕಾಡು ಅಲೆಯುತ್ತಾನೆ, ನಾಲ್ಕು ಹೆಜ್ಜೆಗೊಮ್ಮೆ ಯಾರೋ ಅಡ್ಡ ಬರುತ್ತಾರೆ, ಆಗ ಹೊಡೆಯಬೇಕೋ, ಮಂತ್ರ ಹಾಕಬೇಕೋ, ಗುರಾಣಿ ಹಿಡಿಯಬೇಕೋ, ಓಡಬೇಕೋ ಎಂದು ಆಟ ಕೇಳುತ್ತದೆ. ಹೊಡೆದಷ್ಟೂ 'ಅನುಭವ' ಎಂಬ ಅಂಕ ಸಿಕ್ಕಿ ನಾಯಕ ಬಲವಾಗುತ್ತಾನೆ. ಇಷ್ಟನ್ನು ನಾವು ಗುಂಡಿ ಒತ್ತಿ ಒತ್ತಿ ಕಲಿತೆವು. ಕಥೆಯನ್ನು ಮಾತ್ರ ತಯ್ಯಬ್ ಅಂಕಲ್ ಮಗಳು ಜೋಯಕ್ಕ ಓದಿ ಹೇಳುತ್ತಿದ್ದಳು.

ಜೋಯಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹೈಸ್ಕೂಲು. ಅವಳಿಗೆ ಜಪಾನಿ ಬರುತ್ತದೆ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ, ಏಕೆಂದರೆ ಅವಳೇ ಹಾಗೆಂದು ಹೇಳಿದ್ದಳು. ಅವಳ ಓದಿನ ಪ್ರಕಾರ ಉದ್ದ ಗಡ್ಡದ ದುಷ್ಟ ಮಾಂತ್ರಿಕ ನಮ್ಮ ಲೆಕ್ಕದ ಮೇಷ್ಟ್ರ ಅಣ್ಣ, ಗಾಯ ಮಾಯಿಸುವ ಬಿಳಿ ಸೀರೆಯವಳು ಆಸ್ಪತ್ರೆಯ ನರ್ಸಮ್ಮ, ರಾಜನಿಗೆ ಸಿಂಹಾಸನದಿಂದ ಎದ್ದು ನಿಲ್ಲಲಾಗದಿರುವುದಕ್ಕೆ ಕಾರಣ ಮೂಲವ್ಯಾಧಿ. ತಮ್ಮ ಇಂಗ್ಲಿಷ್ ಆವೃತ್ತಿಯನ್ನು ಈಗ ಓದಿದ ಮೇಲೆ ಹೇಳುತ್ತೇನೆ, ರಾಜನ ವಿಷಯದಲ್ಲಿ ಜೋಯಕ್ಕನ ವಿವರಣೆಯೇ ಹೆಚ್ಚು ಸಮಂಜಸ. ತಮ್ಮ ರಾಜನ ಸುಸ್ತಿಗೆ ತಾವು ಕೊಟ್ಟಿರುವ ಪುರಾತನ ಶಾಪ, ಅದಕ್ಕೊಂದು ಮುರಿದ ಸ್ಫಟಿಕ, ಆ ಸ್ಫಟಿಕಕ್ಕೊಬ್ಬಳು ಅನಾಥೆ, ಇವೆಲ್ಲ ಬೇಕಿರಲಿಲ್ಲ.

ಐದನೇ ಅಧ್ಯಾಯ ಬಂದದ್ದು ಗಣಿ ನಿಲ್ಲುತ್ತದೆಂಬ ಸುದ್ದಿ ಊರೆಲ್ಲ ಓಡಾಡುತ್ತಿದ್ದ ದಿನಗಳಲ್ಲಿ. ಕ್ವಾರ್ಟರ್ಸಿನ ರಸ್ತೆಯಲ್ಲಿ ಗಂಡಸರು ಗುಂಪಾಗಿ ನಿಂತು ಮಾತಾಡುತ್ತಿದ್ದರು, ಮಕ್ಕಳು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಆಟದಲ್ಲೂ ಒಂದು ಕೆಂಪು ಬೆಟ್ಟ ಬಂತು, ಬೆಟ್ಟದೊಳಗೆ ಗಣಿ, ಗಣಿಯ ತುಂಬ ಗಿಡ್ಡ ಮನುಷ್ಯರು, ಅವರ ತಲೆಯ ಮೇಲೆ ದೀಪವಿರುವ ಹಳದಿ ಟೋಪಿ. ನಾನು ಆಡುವುದು ನಿಲ್ಲಿಸಿ ಕೇಳಿದೆ: "ಜೋಯಕ್ಕಾ, ಇವ್ರು ಯಾಕೆ ನಮ್ಮಪ್ಪನ ಟೋಪಿ ಹಾಕ್ಕೊಂಡಿದಾರೆ?" ಜೋಯಕ್ಕ ಪರದೆಯ ಜಪಾನಿಯನ್ನು ಸ್ವಲ್ಪ ಹೊತ್ತು ನೋಡಿ, "ಕದ್ದಿರೋದು ಕಣೇ. ಇವ್ರೆಲ್ಲ ಟೋಪಿ ಕಳ್ರು. ಇದ್ರಲ್ಲಿ ಯಾರ ಹತ್ರ ನಿಮ್ಮಪ್ಪಂದು ಇದೆಯೋ ಗೊತ್ತಿಲ್ಲ. ಎಲ್ರಿಗೂ ಹೊಡಿ" ಎಂದಳು.

ಹೊಡೆದೆ, ಮಾನ್ಯರೇ. ಊಟ ಬಿಟ್ಟು ಹೊಡೆದೆ. ತಂದೆಯ ಟೋಪಿ ತಂದುಕೊಡುವ ಮಗಳು ಹೊಡೆದಷ್ಟು ಮನಸ್ಸಿಟ್ಟು ತಮ್ಮ ಆಟವನ್ನು ಇನ್ಯಾರೂ ಆಡಿರಲಾರರು. ಆ ಗಣಿಯನ್ನು ದಾಟುವಷ್ಟರಲ್ಲಿ ತಯ್ಯಬ್ ಅಂಕಲ್ ಅಂಗಡಿ ಖಾಲಿಮಾಡಿ ಕಳಸಕ್ಕೆ ಹೊರಟರು, ಪೆಟ್ಟಿಗೆಯೂ ಲಾರಿಯಲ್ಲಿ ಹೋಯಿತು, ನಾವು ಈ ಕಡೆ ಬಂದೆವು, ಆಟ ಅಲ್ಲಿಗೇ ನಿಂತಿತು.

ಈಗ ಇಷ್ಟು ವರ್ಷದ ಮೇಲೆ ತಾವು ಅದೇ ಆಟಕ್ಕೆ ಹೊಸ ಬಣ್ಣ ಬಳಿದು, ಇಂಗ್ಲಿಷ್ ಕಲಿಸಿ, ಬಿಡುಗಡೆ ಮಾಡಿದ್ದೀರಿ. ಕೊಯ್ಲು ಮುಗಿದ ಬಿಡುವಿನಲ್ಲಿ ನಾನು ಅದನ್ನು ಮನೆಯ ಟಿ.ವಿ.ಗೆ ಹಾಕಿದೆ. ಆಡುವ ಮೊದಲು ಬಲ್ಲವರ ಮಾತು ಕೇಳೋಣವೆಂದು ಆಟಗಾರರ ಅಭಿಪ್ರಾಯಗಳನ್ನು ಓದಿದೆ. ಎಂಥ ಜ್ಞಾನಭಂಡಾರ! ಒಬ್ಬರು, 'ಈ ಕಾಲದ ಆಟಗಳಿಗೆ ಇಲ್ಲದ ಆತ್ಮ ಇದಕ್ಕಿದೆ' ಎಂದು ಬರೆದು, ಆತ್ಮ ನಿಧಾನವಾಗಿ ನಡೆಯುವುದರಿಂದ ವೇಗ ಹೆಚ್ಚಿಸುವ ಗುಂಡಿ ಬೇಕೆಂದು ಕೇಳಿದ್ದರು. 'ಖಡ್ಗಪ್ರಿಯ' ಎಂಬ ಬಿರುದಿನ ಇನ್ನೊಬ್ಬ ಮಹನೀಯರು, ಐದನೇ ಅಧ್ಯಾಯದ ಪರಿಸರ ಸಂದೇಶ ತಮ್ಮ ಕಣ್ಣಲ್ಲಿ ನೀರು ತರಿಸಿತೆಂದು ಹೇಳಿ, ಮುಂದಿನ ಸಾಲಿನಲ್ಲೇ, 'ಗ್ರೈಂಡಿಂಗ್‌ಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಗಣಿಯವರು ಬರ್ತಾನೇ ಇರ್ತಾರೆ, ತಿರುಗಿ ಹೊಡೆಯುವ ತಾಕತ್ತಿಲ್ಲ, ಅನುಭವ ಧಾರಾಳ' ಎಂದು ಸಲಹೆ ಕೊಟ್ಟಿದ್ದರು. ನಮ್ಮ ಮೂಡಿಗೆರೆಯಲ್ಲಿ ಗ್ರೈಂಡಿಂಗ್ ಎಂದರೆ ಕಾಫಿ ಬೀಜವನ್ನು ಪುಡಿ ಮಾಡಿಸುವುದು. ಅಂಕಕ್ಕಾಗಿ ಮನುಷ್ಯರನ್ನು ಮತ್ತೆ ಮತ್ತೆ ಹೊಡೆಯುತ್ತ ಕೂರುವುದಕ್ಕೂ ಅದೇ ಪದ ಎಂದು ಆಗ ಕಲಿತೆ. ಅದೇ ಖಡ್ಗಪ್ರಿಯರು ರಜೆಯಲ್ಲಿ ನಮ್ಮ ಕಡೆಯ ಹೋಂಸ್ಟೇಗೂ ಬಂದು, ಪಾಳುಬಿದ್ದ ಕುದುರೆಮುಖದ ಕ್ವಾರ್ಟರ್ಸ್ ಸಾಲಿನ ಮುಂದೆ ಎರಡು ಬೆರಳು ಎತ್ತಿ ಫೋಟೋ ತೆಗೆಸಿಕೊಂಡು, 'ನಿಜಜೀವನದ ಐದನೇ ಅಧ್ಯಾಯ!' ಎಂದು ಹಾಕಿದ್ದರು. ಅವರು ನಮ್ಮೂರನ್ನು ಅಷ್ಟಾದರೂ ಮೆಚ್ಚಿಕೊಂಡರಲ್ಲ ಎಂದು ನನಗೂ ಕಣ್ಣಲ್ಲಿ ನೀರು ಬಂತು.

ಹೀಗೆ ವಿದ್ಯಾವಂತಳಾಗಿ ನಾನು ಐದನೇ ಅಧ್ಯಾಯಕ್ಕೆ ಕಾಲಿಟ್ಟ ಸಂಜೆ ಅಪ್ಪ ಪಕ್ಕದ ಕುರ್ಚಿಯಲ್ಲಿದ್ದರು. ಕೆಂಪು ಬೆಟ್ಟ ಬಂತು. ಕೆಂಪಾಗಿ ಹರಿಯುವ ಹೊಳೆ ಬಂತು. ರಾಜನ ದೂತ ನಾಯಕನಿಗೆ ಹೇಳಿದ ಮಾತನ್ನು ತಮ್ಮ ಇಂಗ್ಲಿಷಿನಿಂದ ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡೆ: 'ಇವರು ಕಬ್ಬಿಣಕ್ಕೆ ಆತ್ಮ ಮಾರಿಕೊಂಡ ದುರಾಸೆಯ ಗಣಿಗರು, ಹೊಳೆಯನ್ನು ಕೊಂದವರು. ಒಬ್ಬನನ್ನೂ ಉಳಿಸಬೇಡ.' ಟೋಪಿ ಕಳ್ಳರು ಎಲ್ಲೂ ಇರಲಿಲ್ಲ. ಟೋಪಿ ಯಾರ ತಲೆಯ ಮೇಲಿತ್ತೋ ಅವರದೇ ಆಗಿತ್ತು.

"ಎಂತ ಬರ್ದಿದೆ, ಓದೇ" ಎಂದರು ಅಪ್ಪ.

ನಾನು ರೈಟರ್. ಬಂದವರನ್ನು ಬಂದರೆಂದೂ ಬಾರದವರನ್ನು ಬಂದಿಲ್ಲವೆಂದೂ ಬರೆದೇ ನನ್ನ ಹೊಟ್ಟೆ ತುಂಬುವುದು. ಆದರೂ ಬಾಯಿ ತಾನಾಗಿಯೇ, "ಯಾರೋ ಕಳ್ರಂತೆ ಅಪ್ಪ" ಎಂದಿತು.

ಅಪ್ಪ ಸ್ವಲ್ಪ ಮುಂದೆ ಬಾಗಿ ನೋಡಿದರು. "ಅಲ್ಲ, 'ಮೈನರ್' ಅಂತ ಇದೆ, ಗಣಿ ಕೆಲ್ಸದವ್ರು. ಅದೊಂದು ಪದ ನಂಗೆ ಓದಕ್ಕೆ ಬರುತ್ತೆ."

ಇನ್ನು ಮುಚ್ಚಿಡುವಂತಿರಲಿಲ್ಲ. ಪೂರ್ತಿ ಓದಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಸಿಟ್ಟು ನೆತ್ತಿಗೇರಿ ತಮ್ಮ ಕಥಾವಿಭಾಗದವರ ಬಗ್ಗೆ ಈ ಪತ್ರದಲ್ಲಿ ಬರೆಯಲಾಗದ ಕೆಲವು ಮಾತುಗಳನ್ನು ಆಡಿದೆ. ಅಡುಗೆಮನೆಯಿಂದ ಅಮ್ಮ, "ಎಂತ ಮಾರಾಯ್ತಿ, ಇವ್ರಿಗೆ ಆ ಟಿ.ವಿ. ಒಳಗೂ ಕೆಲ್ಸ ಹೋಯ್ತಾ?" ಎಂದರು.

ಅಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಹೊಳೆ ಕೆಂಪಾಗಿದ್ದು ಸುಳ್ಳಲ್ಲ ರೂಪಾ. ಮಳೆಗಾಲದಲ್ಲಿ ಸೇತುವೆ ಮೇಲೆ ಹೋಗುವಾಗ ನಾನೇ ಆ ಕಡೆ ನೋಡ್ತಿರ್ಲಿಲ್ಲ. ಅವ್ರು ಅದನ್ನ ಬರ್ದಿದ್ದು ಸರಿ" ಎಂದರು. ಆಮೇಲೆ, "ಆದ್ರೆ ಹೊಳೆ ಕೆಂಪಾಯ್ತು ಅಂತ ಟೋಪಿ ಹಾಕ್ಕೊಂಡವನ ತಲೆ ಒಡೆಯೋದಾ? ಟೋಪಿ ಕೊಟ್ಟವನ್ನ ಈ ಆಟದಲ್ಲಿ ತೋರ್ಸಿದಾರಾ?" ಎಂದು ಕೇಳಿದರು.

ತೋರಿಸಿಲ್ಲ, ಮಾನ್ಯರೇ. ತಮ್ಮ ಆಟವನ್ನು ಮೂಲೆ ಮೂಲೆ ಹುಡುಕಿದ್ದೇನೆ. ಗಣಿಯ ಒಡೆಯನಿಲ್ಲ, ಅದಿರು ಕೊಂಡವನಿಲ್ಲ. ಇನ್ನೂ ಸೊಗಸೆಂದರೆ, ಸತ್ತ ಗಣಿಗರ ಜೇಬಿನಿಂದ ಬಿದ್ದ ಕಬ್ಬಿಣವನ್ನು ಹೆಕ್ಕಿಕೊಂಡು ಪಕ್ಕದ ಊರಿನ ಕಮ್ಮಾರನಿಗೆ ಕೊಟ್ಟರೆ ಅವನು ನಾಯಕನ ಕತ್ತಿಯನ್ನು ಇನ್ನಷ್ಟು ಹರಿತ ಮಾಡಿಕೊಡುತ್ತಾನೆ. ಕಬ್ಬಿಣ ಅಗೆಯುವುದು ಪಾಪ, ಕಬ್ಬಿಣದ ಕತ್ತಿ ಹಿಡಿಯುವುದು ಪುಣ್ಯ. ಇಷ್ಟು ಆಳವಾದ ತತ್ವವನ್ನು ಮಕ್ಕಳ ಆಟದೊಳಗೆ ಇಟ್ಟ ತಮ್ಮ ಸಂಸ್ಥೆಯನ್ನು ಎಷ್ಟು ಹೊಗಳಿದರೂ ಕಮ್ಮಿ. ಆಟಗಾರರ ಅಭಿಪ್ರಾಯಗಳಲ್ಲಿ ಈ ಕಮ್ಮಾರನಿಗೆ ಬಿದ್ದಿರುವ ಪ್ರಶಂಸೆಯನ್ನು ಓದಿದರೆ, ಅವನು ಚುನಾವಣೆಗೆ ನಿಂತರೂ ಗೆಲ್ಲುತ್ತಾನೆ.

ಆಮೇಲೆ ನಡೆದದ್ದೇ ತಾವು ದೋಷವೆಂದು ಕರೆದಿರುವ ಸಂಗತಿ. ಅಪ್ಪ ನನ್ನ ಕೈಯಿಂದ ಕಂಟ್ರೋಲರ್ ತೆಗೆದುಕೊಂಡರು. ಜನ್ಮದಲ್ಲಿ ಅದನ್ನು ಮುಟ್ಟಿದವರಲ್ಲ. "ಇದ್ರಲ್ಲಿ ಓಡೋದು ಯಾವ್ದು?" ಎಂದು ಕೇಳಿ ತಿಳಿದುಕೊಂಡು, ಅಡ್ಡ ಬಂದ ಮೊದಲ ಗಣಿಗನ ಮುಂದೆ 'ಓಡು' ಎಂಬುದನ್ನು ಒತ್ತಿದರು. ಎರಡನೆಯವನ ಮುಂದೆಯೂ ಓಡಿದರು. ಕೆಲವು ಸಲ ಓಡಲು ಬಿಡದೆ ಅವರು ಗುದ್ದಲಿಯಿಂದ ಹೊಡೆಯುತ್ತಿದ್ದರು. ಅಪ್ಪ ಗುರಾಣಿ ಹಿಡಿದು ಏಟು ತಿಂದು ಮತ್ತೆ ಓಡುತ್ತಿದ್ದರು. ನಾಯಕ ಸತ್ತರೆ ಮೊದಲಿನಿಂದ. ಭುಜ ನೋವೆಂದು ಬಕೆಟ್ ಎತ್ತದ ಮನುಷ್ಯ ದಿನಾ ಸಂಜೆ ಕಾಫಿ ಕುಡಿದು ಬಂದು ಓಡಲು ಕೂರುತ್ತಿದ್ದರು. ಒಬ್ಬನನ್ನೂ ಹೊಡೆಯದೆ ಆ ಗಣಿಯನ್ನು ದಾಟುತ್ತೇನೆಂಬ ಹಟ ಅವರನ್ನು ಹಿಡಿದಿತ್ತು.

ನಾನು ಈ ಬಗ್ಗೆ ಆಟಗಾರರ ಸಲಹೆ ಕೇಳಿದೆ. 'ಹೊಡೆಯದೆ ಹೋಗುವುದು ಹೇಡಿಗಳ ಆಟ, ಕೊನೆಗೆ ಗಣಿ ಮೇಸ್ತ್ರಿ ಸಿಗುತ್ತಾನೆ, ಅವನ ಮುಂದೆ ಓಡುವ ಆಯ್ಕೆಯೇ ಇಲ್ಲ, ಸಾಯುತ್ತೀರಿ' ಎಂದು ಒಬ್ಬರು ಬರೆದರು. ಖಡ್ಗಪ್ರಿಯರು ಮಾತ್ರ ಅಪ್ಪನನ್ನು ಬಹಳ ಮೆಚ್ಚಿ, ಇದು ಗಣಿಯನ್ನು ಅತಿ ಬೇಗ ಮುಗಿಸುವ ಹೊಸ ತಂತ್ರವೆಂದು ತಿಳಿದು, ನಾಯಕನ ಓಟ ಹೆಚ್ಚಿಸುವ ಬೂಟುಗಳೂ ಆಟದಲ್ಲಿರುವುದರಿಂದ, 'ಸರ್ ಯಾವ ಬೂಟು ಹಾಕಿದ್ದಾರೆ?' ಎಂದು ವಿಚಾರಿಸಿದರು. ಅಪ್ಪನಿಗೆ ಹೇಳಿದೆ. "ಹವಾಯಿ ಚಪ್ಪಲಿ ಅನ್ನು" ಎಂದರು.

ಈ ನಡುವೆ ಜೋಯಕ್ಕನಿಗೆ ಫೋನ್ ಮಾಡಿದೆ. ಅವಳು ಈಗ ಕಳಸದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಮದುವೆ ಸೀಸನ್ನಿನಲ್ಲಿ ಅವಳಿಂದ ರವಿಕೆ ಹೊಲಿಸಿಕೊಳ್ಳಬೇಕಾದರೆ ಶಿಫಾರಸು ಬೇಕು. "ಜೋಯಕ್ಕಾ, ನಿಂಗೆ ಜಪಾನಿ ಬರ್ತಿತ್ತಾ?" ಎಂದು ಕೇಳಿದೆ.

"ನಂಗೆ ಎಲ್ಲಿಂದ ಬರ್ಬೇಕೇ ಮಾರಾಯ್ತಿ? ಇಷ್ಟು ವರ್ಷ ಬೇಕಾಯ್ತಾ ನಿಂಗೆ ಅದು ಗೊತ್ತಾಗಕ್ಕೆ?" ಎಂದು ಅವಳು ನಕ್ಕಳು. ನಾನು ಟೋಪಿಯ ಮಾತೆತ್ತಿದ ಕೂಡಲೇ ಅವಳ ನಗು ನಿಂತಿತು. ಅಕ್ಷರ ಓದಲು ಬಾರದಿದ್ದರೂ ಚಿತ್ರ ನೋಡಿಯೇ ಅವಳಿಗೆ ಎಲ್ಲ ತಿಳಿದಿತ್ತಂತೆ: ಕೆಂಪು ಹೊಳೆ, ಬೆರಳು ತೋರುವ ದೂತ, ಹಳದಿ ಟೋಪಿಗಳು. "ನೀನು ಟೋಪಿ ನೋಡಿ ಅಳೋ ಹಾಗಿದ್ದೆ ಕಣೇ. ಹೊರಗೆ ರಸ್ತೇಲಿ ನಿಮ್ಮಪ್ಪ, ನಮ್ಮಪ್ಪ ಎಲ್ಲ ನಿಂತಿದ್ರು. ನಾನು ಇನ್ನೇನು ಓದ್ಲಿ?" ಎಂದಳು.

ಆ ಭಾನುವಾರ ಅವಳೇ ಬಸ್ಸು ಹತ್ತಿ ಬಂದಳು, ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ಕಟ್ಟಿಸಿಕೊಂಡು. ಅಪ್ಪನ ಮುಂದೆ ಕೂತು, "ಅಂಕಲ್, ಅವತ್ತು ಈ ಹುಡುಗಿಗೆ ಸುಳ್ಳು ಹೇಳ್ಬಿಟ್ಟೆ" ಎಂದಳು. ಅಪ್ಪ, "ಆವಾಗ ನಾವೂ ಮನೇಲಿ ಅದೇ ಮಾಡ್ತಿದ್ವಲ್ಲಮ್ಮ. ಇವಳಮ್ಮಂಗೆ ನಾನು ಎಷ್ಟು ಸಲ ಹೇಳಿದೀನಿ, ಇನ್ನೊಂದು ತಿಂಗ್ಳು ಬಿಟ್ಟು ಗಣಿ ಮತ್ತೆ ಶುರುವಾಗುತ್ತೆ ಅಂತ" ಎಂದರು. ದೋಸೆಗೆ ಚಟ್ನಿ ಬಡಿಸುತ್ತಿದ್ದ ಅಮ್ಮ, "ನಾನು ನಂಬಿದ್ದೆ ಅಂದ್ಕೊಂಡಿದಾರೆ ಇವ್ರು" ಎಂದರು.

ಊಟವಾದ ಮೇಲೆ ಅಪ್ಪ ಆಡಲು ಕೂತರು. ಆ ದಿನ ನಾಯಕ ಒಬ್ಬರನ್ನೂ ಮುಟ್ಟದೆ ಗಣಿಯ ತಳ ಮುಟ್ಟಿದ. ಅಲ್ಲಿ ಆ ಮೇಸ್ತ್ರಿ ನಿಂತಿದ್ದ. ಉಳಿದವರಿಗಿಂತ ದಪ್ಪ, ಬಗ್ಗಿದ ಬೆನ್ನು, ಕೈಯಲ್ಲಿ ದೊಡ್ಡ ಸುತ್ತಿಗೆ. ಓಡುವ ಆಯ್ಕೆ ನಿಜವಾಗಿಯೂ ಇರಲಿಲ್ಲ. ಅಪ್ಪ ಗುರಾಣಿ ಹಿಡಿದರು. ಮೇಸ್ತ್ರಿ ಹೊಡೆದ. ಮತ್ತೆ ಗುರಾಣಿ. ಮತ್ತೆ ಹೊಡೆದ. ಇದ್ದ ಔಷಧಿಯನ್ನೆಲ್ಲ ನಾಯಕನಿಗೆ ಕುಡಿಸುತ್ತ ಅಪ್ಪ ಬರೀ ನಿಂತರು. ಔಷಧಿ ಮುಗಿಯುತ್ತ ಬಂತು. "ಸಾಕು ಬಿಡಿ ಅಂಕಲ್, ಒಂದೇಟು ಹಾಕಿ, ಇದು ಆಟ" ಎಂದು ಜೋಯಕ್ಕನೇ ಹೇಳಿದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಆಗ ಸಂಗೀತ ನಿಂತಿತು. ಮೇಸ್ತ್ರಿ ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದುಕೊಂಡ. ಪರದೆಯ ಕೆಳಗೆ ಇಂಗ್ಲಿಷಿನ ಒಂದು ಸಾಲು ಮೂಡಿತು. ನಾನು ಅದನ್ನು ಯಾವ ಅಭಿಪ್ರಾಯದಲ್ಲೂ ಓದಿರಲಿಲ್ಲ, ಯಾರೂ ಅದರ ಬಗ್ಗೆ ಬರೆದಿರಲಿಲ್ಲ. ಅಪ್ಪ ನನ್ನನ್ನು ಕೇಳಲಿಲ್ಲ, ಜೋಯಕ್ಕನ ಕಡೆ ತಿರುಗಿ, "ಓದಮ್ಮ" ಎಂದರು. ಜೋಯಕ್ಕ ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದಿದಳು: "ನೀನ್ಯಾಕೆ ಹೊಡೀತಿಲ್ಲ, ಅಂತ ಕೇಳ್ತಿದಾನೆ ಅಂಕಲ್."

ಅಪ್ಪ ಕಂಟ್ರೋಲರನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದ್ರಲ್ಲಿ ಉತ್ತರ ಹೇಳೋದು ಯಾವ ಬಟನ್ನು?"

ನಾವಿಬ್ಬರೂ ಹುಡುಕಿದೆವು. ಹೊಡೆ, ಮಂತ್ರ, ಗುರಾಣಿ, ಔಷಧಿ. ಉತ್ತರ ಹೇಳುವ ಬಟನ್ ಇರಲಿಲ್ಲ. ಯಾವುದನ್ನೂ ಒತ್ತದೆ ಬಿಟ್ಟರೆ ಮೇಸ್ತ್ರಿ ಹಾಗೇ ಸುತ್ತಿಗೆ ಎತ್ತಿಕೊಂಡು ನಿಂತೇ ಇದ್ದ, ಉಸಿರಾಡುತ್ತ. ಅಪ್ಪನೂ ಕಂಟ್ರೋಲರ್ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಜೋಯಕ್ಕ ಸಂಜೆಯ ಬಸ್ಸಿಗೆ ಹೊರಡುವವರೆಗೂ ಇಬ್ಬರೂ ಹಾಗೇ ಇದ್ದರು. ಕೊನೆಗೆ ಕರೆಂಟು ಹೋಗಿ ಈ ಮಾತುಕತೆ ಮುಗಿಯಿತು.

ನಾನು ಇದನ್ನು ಅಭಿಪ್ರಾಯಗಳ ಜಾಗದಲ್ಲಿ ಬರೆದೆ. ಮೊದಲು, 'ಸುಳ್ಳು, ಫೋಟೋ ತೋರಿಸು' ಎಂದರು. ಆಮೇಲೆ ಇಬ್ಬರು ಮೂವರು ತಾವೂ ಮಾಡಿ ನೋಡಿ, ನಿಜವೆಂದರು. ವಾರ ಕಳೆಯುವುದರಲ್ಲಿ ಅದಕ್ಕೆ 'ಮಂಜಯ್ಯ ವಿಧಾನ' ಎಂದು ಹೆಸರಾಗಿ, ಮೇಸ್ತ್ರಿಯನ್ನು ಯಾರು ಅತಿ ಬೇಗ ಮಾತಾಡಿಸುತ್ತಾರೆಂಬ ಪಂದ್ಯ ಶುರುವಾಯಿತು. ಖಡ್ಗಪ್ರಿಯರೇ ಈಗ ಮುಂದಿದ್ದಾರೆ. ಪ್ರಶ್ನೆ ಬಂದ ಕ್ಷಣವೇ ಒಂದೇ ಏಟಿಗೆ ಮೇಸ್ತ್ರಿಯನ್ನು ಮುಗಿಸುತ್ತಾರೆ, ಏಕೆಂದರೆ ಆಗ ಅವನು ಸುತ್ತಿಗೆ ಎತ್ತಿಕೊಂಡು ನಿಂತಿರುವುದರಿಂದ ಎದೆ ತೆರೆದಿರುತ್ತದಂತೆ. ಅದೇ ಹೊತ್ತಿಗೆ ತಮ್ಮ ಗಮನಕ್ಕೂ ಈ ವಿಷಯ ಬಂದು, ಆಟ ಮುಂದೆ ಹೋಗದೆ ನಿಂತುಬಿಡುವುದು ದೋಷವೇ ಸರಿ ಎಂದು ತೀರ್ಮಾನಿಸಿ ಆ ಸಾಲನ್ನೇ ಅಳಿಸಲು ಹೊರಟಿದ್ದೀರಿ.

ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡದೆ ನನ್ನ ಬೇಡಿಕೆಗಳನ್ನು ಹೇಳುತ್ತೇನೆ. ಗಣಿಗರಿಗೆ ಒಂದು ಕ್ಯಾಂಟೀನು ಕಟ್ಟಿಸಿಕೊಡಿ. ಹಗಲೂ ರಾತ್ರಿ ಸಾಯುವವರಿಗೆ ನಡುವೆ ಒಂದು ಲೋಟ ಟೀ ಸಿಗಲಿ. ಭಾನುವಾರ ಅವರನ್ನು ಹೊಡೆಯುವಂತಿಲ್ಲವೆಂದು ಬೋರ್ಡು ಹಾಕಿಸಿ. ಗಣಿಯ ಒಡೆಯನನ್ನು ಎಲ್ಲಿಂದಾದರೂ ಹುಡುಕಿ ತಂದು ಕೊನೆಯ ಅಧ್ಯಾಯದಲ್ಲಿ ನಿಲ್ಲಿಸಿ. ಅವನ ಮುಂದೆ ಓಡುವ ಆಯ್ಕೆ ಬೇಡ. ಹೊಳೆಯನ್ನು ತಿಳಿಯಾಗಿಸುವ ಕೆಲಸವನ್ನು ನಾಯಕನಿಗೆ ಕೊಡಿ, ಕತ್ತಿಯ ಬದಲು ಹಾರೆ ಹಿಡಿಯಲಿ. ತಮ್ಮ ಆಟಗಾರರು ಅದಕ್ಕೂ ಗ್ರೈಂಡಿಂಗ್ ಮಾಡುತ್ತಾರೆ, ಚಿಂತೆ ಬೇಡ. ಇವೆಲ್ಲ ಆಗದಿದ್ದರೂ ಬೇಸರವಿಲ್ಲ. ಬೇಡಿಕೆ ಈಡೇರದೆ ಬದುಕುವ ಅಭ್ಯಾಸ ನಮ್ಮ ಮನೆಗೆ ಇದೆ.

ಆದರೆ ಆ ಒಂದು ಸಾಲನ್ನು ಮಾತ್ರ ಮುಟ್ಟಬೇಡಿ. ತಮ್ಮ ಹಳೆಯ ಕಚೇರಿಯಲ್ಲಿ ಯಾರೋ ಒಬ್ಬ ನೌಕರ, ಎಲ್ಲರೂ ಕೊಲ್ಲುವುದನ್ನೇ ಬರೆಯುತ್ತಿದ್ದಾಗ, ಹೊಡೆಯದವನು ಒಬ್ಬನಾದರೂ ಬರಬಹುದೆಂದು ಕಾದು ಈ ಸಾಲನ್ನು ಇಟ್ಟಿರಬೇಕು. ಅವನು ಈಗ ಎಲ್ಲಿದ್ದಾನೋ, ಅವನ ಕೆಲಸ ಉಳಿದಿದೆಯೋ ನನಗೆ ತಿಳಿಯದು. ಅಪ್ಪನಿಗಂತೂ ಅವನ ಮೇಲೆ ತುಂಬ ಅಭಿಮಾನ.

ಉತ್ತರ ಹೇಳುವ ಬಟನ್ ಒಂದಿದ್ದಿದ್ದರೆ ಆ ಮೇಸ್ತ್ರಿಗೆ ಏನು ಹೇಳುತ್ತಿದ್ದಿರಿ ಎಂದು ನಾನು ಅಪ್ಪನನ್ನು ಕೇಳಿದೆ. ತಾವೂ ನೋಟ್ ಮಾಡಿಕೊಳ್ಳಿ, ಮುಂದಿನ ತಿದ್ದುಪಡಿಗೆ ಬೇಕಾಗಬಹುದು. ಅಪ್ಪ ಯೋಚಿಸುವ ಗೋಜಿಗೇ ಹೋಗಲಿಲ್ಲ. "ಶಿಫ್ಟ್ ಮುಗೀತು ಮಾರಾಯ, ಬಸ್ಸು ಬಂದು ನಿಂತಿದೆ, ಸುತ್ತಿಗೆ ಅಲ್ಲಿಟ್ಟು ಬಾ ಅಂತಿದ್ದೆ" ಎಂದರು.

ತಾವು ಬಯಸುವಷ್ಟು ಕಾಲ ಅಲ್ಲದಿದ್ದರೂ, ಆ ಸಾಲು ಇರುವಷ್ಟು ಕಾಲ ತಮ್ಮ ವಿಶ್ವಾಸಿಯಾಗಿರುವ,

ರೂಪಶ್ರೀ
(ಕಥೆ ಬರೆಯದ ರೈಟರ್)

ಮರೆತ ಮಾತು: ನಾನು ಈ ಪತ್ರ ಬರೆಯುತ್ತಿದ್ದ ವಾರದಲ್ಲೇ ತಮ್ಮ ತಿದ್ದುಪಡಿ ನಮ್ಮ ಟಿ.ವಿ.ಗೂ ಬಂದು ತಲುಪಿತು. 'ಈಗಲೇ ಹಾಕಿಕೊಳ್ಳುವಿರಾ, ಆಮೇಲೆಯಾ?' ಎಂದು ಬಹಳ ವಿನಯದಿಂದ ಕೇಳುತ್ತಿದೆ. ಮೂವತ್ತು ವರ್ಷಗಳ ಕಾಲ ಮೇಲಧಿಕಾರಿಗಳು ಹೇಳಿದ್ದಕ್ಕೆಲ್ಲ ಹೂಂ ಎಂದ ನನ್ನ ತಂದೆಯವರು ಈಗ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬಂದು 'ಆಮೇಲೆ' ಎಂಬುದನ್ನು ತಾವೇ ಒತ್ತಿ ಹೋಗುತ್ತಾರೆ. ತಮ್ಮ ಇಡೀ ಆಟದಲ್ಲಿ ಅವರು ಸಂತೋಷದಿಂದ ಒತ್ತುವ ಬಟನ್ ಇದೊಂದೇ. ಇದನ್ನು ಮಾಡಿದವರಿಗೆ ಅವರ ಪರವಾಗಿ ವಿಶೇಷ ಅಭಿನಂದನೆಗಳು. ಅದರಲ್ಲೂ ದೋಷ ಕಂಡುಹಿಡಿಯುವ ಶ್ರಮ ತೆಗೆದುಕೊಳ್ಳಬಾರದಾಗಿ ಕೋರಿಕೆ.